ಪಿತ್ರಾರ್ಜಿತ ರಿವಾಲ್ವರ್ ಮತ್ತು ಅದರ ತೋಟಾ: ರೋಣ–ನರಗುಂದ ಸೀಮೆಯ ಆಯುಧಸ್ಮೃತಿಯ ಕಾಲನಿರ್ಣಯ

ಧಾರವಾಡ ಸೀಮೆಯ ಪೂರ್ವದ ಎರೆನಾಡು, ಅಂದರೆ ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಪರಿಸರ, ಆಯುಧಗಳ ನೆನಪು ದಟ್ಟವಾಗಿ ಉಳಿದಿರುವ ಪ್ರದೇಶ. ಜಕ್ಕಲಿಯನ್ನು ನಡುವಿಟ್ಟುಕೊಂಡು ನೋಡಿದರೆ ಪಶ್ಚಿಮಕ್ಕೆ ಭಾವೆ ಮನೆತನದ ನರಗುಂದ, ಪೂರ್ವಕ್ಕೆ ಘೋರ್ಪಡೆಯವರ ಗಜೇಂದ್ರಗಡ, ದಕ್ಷಿಣಕ್ಕೆ ಡಂಬಳ ಮತ್ತು ಮುಂಡರಗಿ, ಅದರಾಚೆಗೆ ಕೊಪ್ಪಳದ ಕೋಟೆ. ೧೭೮೫ರಲ್ಲಿ ಟಿಪ್ಪುವಿನ ಸೇನೆ ನರಗುಂದವನ್ನು ವಶಪಡಿಸಿಕೊಂಡಿತು. ಅದರ ಬೆನ್ನಿಗೆ ನಡೆದ ಮರಾಠ–ಮೈಸೂರು ಯುದ್ಧ ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದೊಂದಿಗೆ ಮುಗಿಯಿತು. ೧೮೫೮ರಲ್ಲಿ ಇದೇ ಸೀಮೆ ಕಂಪನಿ ಸರಕಾರದ ವಿರುದ್ಧ ಬಂಡೆದ್ದಿತು. ಜಕ್ಕಲಿಯ ಹೆಸರು ನಾಡಿಗೆ ಪರಿಚಿತವಾದದ್ದು ಆಯುಧಗಳಿಂದಲ್ಲ, ಅಂದಾನಪ್ಪ ದೊಡ್ಡಮೇಟಿಯವರ ಏಕೀಕರಣ ಹೋರಾಟದಿಂದ. ಆದರೂ ಅದರ ಸುತ್ತಣ ಊರುಗಳ ವಾಡೆಗಳಲ್ಲಿ ಮನೆತನದ ಹಿರಿಮೆಯನ್ನು ಹೇಳುವಾಗ ಸನದಿನ ಜೊತೆಗೆ ಹತಾರಗಳ ಪ್ರಸ್ತಾಪ ಬಾರದೆ ಇರುವುದಿಲ್ಲ.

ಸನದನ್ನು ಓದಲು ನಮ್ಮಲ್ಲಿ ಮೋಡಿ ಲಿಪಿಯನ್ನು ಬಲ್ಲ ವಿದ್ವಾಂಸರಿದ್ದಾರೆ. ಖಡ್ಗವನ್ನು ಅದರ ಹಿಡಿಕೆ, ಅಲಗುಗಳ ಆಕಾರದಿಂದ ಗುರುತಿಸುವ ಶಾಸ್ತ್ರವೂ ಬೆಳೆದಿದೆ. ಬಂದೂಕು, ಪಿಸ್ತೂಲು, ರಿವಾಲ್ವರುಗಳನ್ನು ಮಾತ್ರ ಅವುಗಳ ಒಡೆಯರು ಹೇಳುವ ಕಥೆಯಿಂದಲೇ ಓದುವ ರೂಢಿ ಜಾನಪದ ಸಂಗ್ರಹಕಾರರಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ನಿಂತುಬಿಟ್ಟಿದೆ. ‘ಬಾಬಾಸಾಹೇಬನ ಕಾಲದ್ದು’ ಎಂಬ ಹೇಳಿಕೆ ಚೀಟಿಯ ಮೇಲೆ ಇಳಿದರೆ ಅದೇ ಮುಂದಿನವರಿಗೆ ಆಧಾರವಾಗುತ್ತದೆ. ಪ್ರಸ್ತುತ ಲೇಖನವು ಇಂಥ ಹೇಳಿಕೆಗಳನ್ನು ಪರಿಶೀಲಿಸಲು ಒಂದು ಸರಳ ಪ್ರಶ್ನೆಯನ್ನು ಮುಂದಿಡುತ್ತದೆ: ಈ ಆಯುಧಕ್ಕೆ ಹೊಂದುವ ತೋಟಾ ಯಾವುದು? ಇದು ಬಂದೂಕು ರಿಪೇರಿ ಮಾಡುವವರ ಪ್ರಶ್ನೆಯೆಂದು ತೋರಬಹುದು. ಆದರೆ ಪಿತ್ರಾರ್ಜಿತ ಆಯುಧದ ವಯಸ್ಸು, ಅದು ಮನೆಗೆ ಬಂದ ದಾರಿ, ಕಾನೂನಿನಲ್ಲಿ ಅದರ ಸ್ಥಾನ, ಕೊನೆಗೆ ಅದನ್ನು ಹಿಡಿದವನ ಕೈಯ ಕ್ಷೇಮ, ಇವೆಲ್ಲವೂ ಈ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ.

ಜನಬಳಕೆಯ ವರ್ಗೀಕರಣ

ಕನ್ನಡದ ಆಯುಧಪದಗಳು ಬೇರೆ ಬೇರೆ ದಾರಿಗಳಿಂದ ಬಂದವು. ತುಪಾಕಿ ತುರ್ಕಿ ಮೂಲದ್ದು, ಪಿಸ್ತೂಲು ಪೋರ್ಚುಗೀಸರ ಮೂಲಕ ಬಂದದ್ದು. ಕಾಡತೂಸು ಎಂಬುದು ಯುರೋಪಿನ ಪದವೊಂದು ಹಿಂದೂಸ್ತಾನಿಯ ಬಾಯಲ್ಲಿ ಪಳಗಿ ನಮಗೆ ದಕ್ಕಿದ ರೂಪ. ಉತ್ತರದಲ್ಲಿ ಬಂದೂಕು, ದಕ್ಷಿಣ ಮತ್ತು ಮಲೆನಾಡಿನಲ್ಲಿ ಕೋವಿ. ಈ ಪದಗಳಿಗಿಂತ ನಮ್ಮ ಉದ್ದೇಶಕ್ಕೆ ಹೆಚ್ಚು ಮಹತ್ವದ್ದು ಮಲೆನಾಡಿನ ಜನ ಮಾಡಿಕೊಂಡಿರುವ ಒಂದು ವಿಂಗಡಣೆ. ಅವರು ಕೋವಿಯನ್ನು ಅದನ್ನು ಮಾಡಿದ ದೇಶದಿಂದಾಗಲಿ ಕಂಪನಿಯಿಂದಾಗಲಿ ಗುರುತಿಸುವುದಿಲ್ಲ. ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂದು ಎರಡು ಬಗೆ ಮಾಡುತ್ತಾರೆ. ಮೊದಲನೆಯದರಲ್ಲಿ ನಳಿಗೆಯ ಬಾಯಿಂದ ಮದ್ದು, ಚರೆ ಅಥವಾ ಗುಂಡು ಗಿಡಿದು, ಹಿಂದೆ ಮೊಳೆಯ ಮೇಲೆ ಕೇಪು ಕೂರಿಸಬೇಕು. ಎರಡನೆಯದರಲ್ಲಿ ಮದ್ದು, ಗುಂಡು, ಕೇಪು ಮೂರೂ ಒಂದೇ ಕೋಶದಲ್ಲಿ ಅಡಕವಾಗಿರುವ ತೋಟಾವನ್ನು ಹಿಂದಿನಿಂದ ತುಂಬಬೇಕು.

ಈ ವಿಂಗಡಣೆ ಮೇಲ್ನೋಟಕ್ಕೆ ಒರಟಾಗಿ ಕಂಡರೂ ಆಯುಧಗಳ ಇತಿಹಾಸದ ಅತಿ ದೊಡ್ಡ ತಿರುವನ್ನೇ ಹಿಡಿದಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕೇಪಿನಿಂದ ತೋಟಾಕ್ಕೆ ನಡೆದ ಪಲ್ಲಟವೇ ಹಳೆಯ ಆಯುಧವನ್ನು ಹೊಸ ಆಯುಧದಿಂದ ಬೇರ್ಪಡಿಸುವ ಗೆರೆ. ಪಂಡಿತರು ಚೀಟಿಯಲ್ಲಿ ಬರೆಯಲು ಮರೆಯುವುದನ್ನು ಬೇಟೆಗಾರನು ಆಯುಧದ ಹೆಸರಿನಲ್ಲಿಯೇ ಇಟ್ಟುಕೊಂಡಿದ್ದಾನೆ. ರಿವಾಲ್ವರಿಗೂ ಇದೇ ಗೆರೆ ಅನ್ವಯಿಸುತ್ತದೆ. ಕೇಪಿನ ರಿವಾಲ್ವರ್ ಇದೆ, ತೋಟಾ ರಿವಾಲ್ವರ್ ಇದೆ. ಯಾವ ತೋಟಾ ಎಂದು ಕೇಳುವ ಮೊದಲು ತೋಟಾ ಇದೆಯೇ ಎಂದು ಕೇಳಬೇಕಾಗುತ್ತದೆ.

ನಿರಾಯುಧೀಕರಣ ಮತ್ತು ಸುರೇಬಾನದ ರಾತ್ರಿ

೧೮೫೭ರ ಜನವರಿಯಲ್ಲಿ ಕಲಕತ್ತೆಯ ಬಳಿಯ ಡಂಡಂನಲ್ಲಿ ಎದ್ದ ಗಾಳಿಸುದ್ದಿ ತೋಟಾಕ್ಕೆ ಸಂಬಂಧಿಸಿದ್ದು ಎಂಬುದು ಎಲ್ಲರಿಗೂ ತಿಳಿದಿದೆ. ಆ ತೋಟಾ ಹಿತ್ತಾಳೆಯದಲ್ಲ, ಕಾಗದದ್ದು. ಎನ್ಫೀಲ್ಡ್ ಬಂದೂಕಿಗಾಗಿ ಮದ್ದನ್ನೂ ಗುಂಡನ್ನೂ ಸುತ್ತಿ ಜಿಡ್ಡು ಸವರಿದ ಪೊಟ್ಟಣ ಅದು. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಕೇಪನ್ನು ಬೇರೆಯಾಗಿ ಕೂರಿಸಬೇಕಾಗಿತ್ತು. ಆ ಕಾಲದ ದಾಖಲೆಗಳಲ್ಲಿ ‘ಕಾಡತೂಸು’ ಎಂದಿದ್ದರೆ ಇಂದಿನ ಅರ್ಥದ ತೋಟಾ ಎಂದು ಭಾವಿಸಲಾಗದು.

ಅದೇ ವರ್ಷ ಕಂಪನಿ ಸರಕಾರ ೨೮ನೆಯ ಕಾಯಿದೆಯ ಮೂಲಕ ಪ್ರಜೆಗಳ ಆಯುಧಗಳ ಮೇಲೆ ಹಿಡಿತ ಬಿಗಿಗೊಳಿಸಿತು. ಇದರ ಬಿಸಿ ನಮ್ಮ ಸೀಮೆಗೆ ಮೊದಲು ತಟ್ಟಿದ್ದು ಮುಧೋಳ ಸಂಸ್ಥಾನದ ಹಲಗಲಿಯಲ್ಲಿ. ಹತಾರಗಳನ್ನು ಒಪ್ಪಿಸಲು ಒಲ್ಲೆವೆಂದ ಬೇಡರ ಊರನ್ನು ೧೮೫೭ರ ನವೆಂಬರ್ ಕೊನೆಯಲ್ಲಿ ಸೇನೆ ಸುಟ್ಟಿತು. ಡಿಸೆಂಬರಿನಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಲಾಯಿತು. ಜೆ. ಎಫ್. ಫ್ಲೀಟನು ಸಂಗ್ರಹಿಸಿ ೧೮೮೫ರ ಸುಮಾರಿಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಲಾವಣಿಗಳಲ್ಲಿ ಹಲಗಲಿಯದೂ ಒಂದು. ಅದರ ಅಂಕಿತದಲ್ಲಿ ಬರುವ ಕುರ್ತಕೋಟಿಯ ಕಲ್ಮೇಶ ಗದಗ ಸೀಮೆಯ ದೈವ. ಉತ್ತರದ ಹಲಗಲಿಯ ದುರಂತ ನಮ್ಮ ಎರೆನಾಡಿನ ಬಾಯಲ್ಲಿ ಹಾಡಾಯಿತು ಎಂಬುದು ಇಲ್ಲಿ ಗಮನಾರ್ಹ. ಆ ಲಾವಣಿಯ ಕೇಂದ್ರದಲ್ಲಿರುವುದು ರಾಜ್ಯವಲ್ಲ, ತೆರಿಗೆಯೂ ಅಲ್ಲ. ಹತಾರವನ್ನು ಕೊಡುವುದೇ ಬಿಡುವುದೇ ಎಂಬುದೇ ಅಲ್ಲಿನ ಇಕ್ಕಟ್ಟು.

೧೮೫೮ರ ಮೇ ತಿಂಗಳಲ್ಲಿ ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧಗಳು ಪತ್ತೆಯಾದದ್ದು ಮುಂಡರಗಿ ಭೀಮರಾಯನ ದಂಗೆಗೆ ಕಿಡಿಯಾಯಿತು. ಡಂಬಳದ ಮೇಲೆ ದಾಳಿ ಮಾಡಿದ ಭೀಮರಾಯ ಹಮ್ಮಿಗಿಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯನ್ನು ಹಿಡಿದು, ಜೂನ್ ಆರಂಭದ ಹೊತ್ತಿಗೆ ಅಲ್ಲಿಯೇ ಮಡಿದ. ಅತ್ತ ನರಗುಂದದಲ್ಲಿ ದತ್ತಕದ ಹಕ್ಕನ್ನು ಕಳೆದುಕೊಂಡಿದ್ದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಬಂಡಾಯಕ್ಕೆ ಕೈಹಾಕಿದ. ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜೆಂಟನಾಗಿದ್ದ ಮಾನ್ಸನ್ ರಾಮದುರ್ಗದಿಂದ ಹೊರಟು ಮೇ ೨೯ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದವರು ಅವನ ಮೇಲೆ ಬಿದ್ದರು. ಪಲ್ಲಕ್ಕಿಯಲ್ಲಿ ಮಲಗಿದ್ದವನು ಎಚ್ಚೆತ್ತು ರಿವಾಲ್ವರ್ ಹಾರಿಸಿ ಒಬ್ಬನನ್ನು ಗಾಯಗೊಳಿಸಿದನೆಂದೂ, ಮರುಕ್ಷಣದಲ್ಲಿ ಅವನನ್ನು ಕೊಂದು ತಲೆಯನ್ನು ನರಗುಂದಕ್ಕೆ ಒಯ್ದರೆಂದೂ ಬ್ರಿಟಿಷ್ ಇತಿಹಾಸಕಾರರು ಬರೆದಿದ್ದಾರೆ. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು.

ಈ ವೃತ್ತಾಂತದಲ್ಲಿ ರಿವಾಲ್ವರ್ ಇರುವುದು ಏಜೆಂಟನ ಕೈಯಲ್ಲಿ. ಆ ಕಾಲದ ಬ್ರಿಟಿಷ್ ಅಧಿಕಾರಿಗಳು ಅದನ್ನು ಸ್ವಂತ ಹಣದಿಂದ ಕೊಳ್ಳುತ್ತಿದ್ದರು. ಅದು ಹೊಸ ವಸ್ತು, ದುಬಾರಿ ವಸ್ತು. ೧೮೫೮ರ ರಿವಾಲ್ವರ್ ನಮ್ಮ ಸೀಮೆಯ ವಾಡೆಯಲ್ಲಿ ಉಳಿದಿರುವ ಸಾಧ್ಯತೆ ಇಲ್ಲವೆಂದಲ್ಲ. ಆದರೆ ಹಾಗೆ ಹೇಳಬೇಕಾದರೆ ಆ ಕಾಲದ ರಿವಾಲ್ವರ್ ಹೇಗಿತ್ತೆಂಬುದು ತಿಳಿದಿರಬೇಕು.

ಕೇಪಿನಿಂದ ತೋಟಾಕ್ಕೆ

೧೮೫೦ರ ದಶಕದಲ್ಲಿ ಬ್ರಿಟಿಷರ ಸೊಂಟದಲ್ಲಿದ್ದವು ಮುಖ್ಯವಾಗಿ ಆಡಮ್ಸ್, ಟ್ರಾಂಟರ್ ಮತ್ತು ಕೋಲ್ಟ್ ರಿವಾಲ್ವರುಗಳು. ಅಮೆರಿಕದ ಕೋಲ್ಟನು ೧೮೫೩ರಿಂದ ಕೆಲವು ವರ್ಷ ಲಂಡನ್ನಿನಲ್ಲಿಯೇ ಕಾರ್ಖಾನೆ ನಡೆಸಿದ. ೧೮೫೬ರಲ್ಲಿ ಬ್ಯೂಮಾಂಟ್–ಆಡಮ್ಸ್ ಮಾದರಿಯನ್ನು ಬ್ರಿಟಿಷ್ ಸೇನೆ ಸ್ವೀಕರಿಸಿತು. ಇವೆಲ್ಲವೂ ಕೇಪಿನ ರಿವಾಲ್ವರುಗಳೇ. ಸಿಲಿಂಡರಿನ ಒಂದೊಂದು ಕೋಣೆಯೂ ಹಿಂದೆ ಮುಚ್ಚಿರುತ್ತದೆ. ಮದ್ದು ಮತ್ತು ಗುಂಡನ್ನು ಮುಂದಿನಿಂದ ತುಂಬಿ ಹಿಂದಿನ ಮೊಳೆಗೆ ಕೇಪು ತೊಡಿಸಬೇಕು. ಸಿಲಿಂಡರಿನ ಹಿಂಭಾಗದಲ್ಲಿ ಇಂಥ ಮೊಳೆಗಳಿದ್ದರೆ ಆ ಆಯುಧಕ್ಕೆ ಹೊಂದುವ ತೋಟಾ ಪೇಟೆಯಲ್ಲಿ ಇಲ್ಲ, ಎಂದೂ ಇರಲಿಲ್ಲ.

ಸಿಲಿಂಡರನ್ನು ಆರಪಾರ ಕೊರೆದು ಲೋಹದ ತೋಟಾವನ್ನು ಹಿಂದಿನಿಂದ ತುಂಬುವ ಪೇಟೆಂಟು ಅಮೆರಿಕದಲ್ಲಿ ೧೮೫೫ರಲ್ಲಿ ರೋಲಿನ್ ವೈಟ್ ಎಂಬಾತನಿಗೆ ದೊರೆಯಿತು. ಅದನ್ನು ಬಳಸಿಕೊಂಡು ಸ್ಮಿತ್ ಅಂಡ್ ವೆಸನ್ ಕಂಪನಿ ೧೮೫೭ರಲ್ಲಿ ಹೊರತಂದದ್ದು ೦.೨೨ ಅಂಗುಲದ ಪುಟ್ಟ ರಿವಾಲ್ವರ್. ಫ್ರಾನ್ಸಿನಲ್ಲಿ ಲೆಫೋಷೆ ಮಾದರಿಯದು ಇನ್ನೊಂದು ಬಗೆ. ಅದರ ತೋಟಾದ ಮಗ್ಗುಲಲ್ಲಿ ಸಣ್ಣ ಕಡ್ಡಿ ಚಾಚಿಕೊಂಡಿರುತ್ತದೆ. ಸಿಲಿಂಡರಿನ ಹಿಂದಿನ ಅಂಚಿನಲ್ಲಿ ಕೋಣೆಗೊಂದರಂತೆ ಸಣ್ಣ ಕಚ್ಚು ಕಂಡರೆ ಅದು ಈ ಬಗೆಯದೆಂದು ತಿಳಿಯಬೇಕು. ನಡುಗೇಪಿನ ದೊಡ್ಡ ತೋಟಾ ಬ್ರಿಟಿಷ್ ಸೇನೆಯ ರಿವಾಲ್ವರಿಗೆ ಬಂದದ್ದು ೧೮೬೮ರಲ್ಲಿ, ೦.೪೫೦ ಆಡಮ್ಸ್ ರೂಪದಲ್ಲಿ. ೧೮೮೦ರಲ್ಲಿ ೦.೪೭೬ರ ಎನ್ಫೀಲ್ಡ್ ಬಂದಿತು. ೧೮೮೭ರಲ್ಲಿ ಸೇನೆ ವೆಬ್ಲಿ ಮಾರ್ಕ್ ೧ ಅನ್ನು ಸ್ವೀಕರಿಸಿತು. ೦.೪೫೫ರ ವೆಬ್ಲಿ ಮಾಲೆಯೇ ೧೯೧೫ರ ಮಾರ್ಕ್ ೬ರವರೆಗೆ ಬೆಳೆಯಿತು. ೧೯೩೦ರ ದಶಕದಲ್ಲಿ ಸೇನೆ ೦.೩೮ರ ಎನ್ಫೀಲ್ಡಿಗೆ ಇಳಿಯಿತು.

ಈ ಕಾಲಕ್ರಮದ ಮುಂದೆ ಇಟ್ಟರೆ, ನಡುಗೇಪಿನ ತೋಟಾ ತುಂಬುವ, ನಡುವೆ ಮುರಿದು ತೆರೆಯುವ ವೆಬ್ಲಿಯೊಂದು ‘ನರಗುಂದದ ಬಂಡಾಯದ್ದು’ ಎಂದಾಗಲು ಸಾಧ್ಯವಿಲ್ಲ. ಸುರೇಬಾನದ ಘಟನೆಗೂ ಅದಕ್ಕೂ ಮೂವತ್ತು ವರ್ಷಗಳ ಅಂತರ. ಹಾಗೆಂದು ತೋಟಾ ಸಿಕ್ಕಿದೊಡನೆ ಆಯುಧದ ವಯಸ್ಸು ಸಿಕ್ಕಿತೆಂದು ಹೇಳುವುದೂ ಅವಸರದ ಮಾತು. ಕೇಪಿನ ಬ್ಯೂಮಾಂಟ್–ಆಡಮ್ಸ್ ರಿವಾಲ್ವರುಗಳನ್ನು ೧೮೬೮ರ ನಂತರ ತೋಟಾಕ್ಕೆ ಮಾರ್ಪಡಿಸಿದ್ದುಂಟು. ಅಂಥದರಲ್ಲಿ ಚೌಕಟ್ಟಿನ ವಯಸ್ಸು ಬೇರೆ, ಸಿಲಿಂಡರಿನ ವಯಸ್ಸು ಬೇರೆ. ೦.೪೫೫ರ ವೆಬ್ಲಿಗಳ ಸಿಲಿಂಡರಿನ ಹಿಂಭಾಗವನ್ನು ಉಜ್ಜಿ ಅಮೆರಿಕದ ೦.೪೫ರ ಪಿಸ್ತೂಲು ತೋಟಾಕ್ಕೆ ಹೊಂದಿಸಿದವೂ ಇವೆ. ತೋಟಾ ಹೇಳುವುದು ಆಯುಧದ ಕೊನೆಯ ಬಳಕೆಯ ಕಾಲವನ್ನು. ಅದರ ಹುಟ್ಟನ್ನು ಚೌಕಟ್ಟಿನ ಮೇಲಿನ ಗುರುತುಗಳಲ್ಲಿ ಹುಡುಕಬೇಕು.

‘ಬೋರ್’ ಎಂಬ ಪದದ ತೊಡಕು

ಪರವಾನಗಿ ಪುಸ್ತಕಗಳನ್ನು ಆಕರವಾಗಿ ಬಳಸುವ ಸಂಶೋಧಕರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ‘ಬೋರ್’ ಎಂಬ ಪದ ನಮ್ಮ ಕಚೇರಿಗಳಲ್ಲಿ ಎರಡು ಬೇರೆ ಅಳತೆಗಳಿಗೆ ಬಳಕೆಯಾಗುತ್ತದೆ. ಬೇಟೆಕೋವಿಯ ‘೧೨ ಬೋರ್’ ಎಂದರೆ, ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳು ಒಂದು ಪೌಂಡಿಗೆ ೧೨ ಆಗುತ್ತವೆ ಎಂದರ್ಥ. ಅದರ ವ್ಯಾಸ ಸುಮಾರು ೦.೭೨೯ ಅಂಗುಲ. ಉಂಡೆಗಳ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ಆದರೆ ರಿವಾಲ್ವರಿನ ‘೩೨ ಬೋರ್’ ಎಂದಾಗ ೩೨ ಎಂಬುದು ಉಂಡೆಗಳ ಲೆಕ್ಕವಲ್ಲ, ಅಂಗುಲದ ನೂರರ ಭಾಗ. ಉಂಡೆಗಳ ಲೆಕ್ಕದಲ್ಲಿ ೩೨ ಬೋರ್ ಎಂದರೆ ಅರ್ಧ ಅಂಗುಲಕ್ಕಿಂತ ಹಿರಿದಾದ ನಳಿಗೆಯಾಗುತ್ತದೆ.

ಕೇಪಿನ ರಿವಾಲ್ವರುಗಳ ಕಾಲದಲ್ಲಿ ಬ್ರಿಟಿಷ್ ತಯಾರಕರು ರಿವಾಲ್ವರುಗಳಿಗೂ ಉಂಡೆಗಳ ಲೆಕ್ಕವನ್ನೇ ಬಳಸುತ್ತಿದ್ದರು. ಬ್ಯೂಮಾಂಟ್–ಆಡಮ್ಸ್ ‘೫೪ ಬೋರ್’, ಅಂದರೆ ೦.೪೪೨ ಅಂಗುಲ. ೧೮೫೧ರ ದೊಡ್ಡ ಆಡಮ್ಸ್ ‘೩೮ ಬೋರ್’, ಅಂದರೆ ಹೆಚ್ಚುಕಡಿಮೆ ಅರ್ಧ ಅಂಗುಲ. ಹೀಗಿರುವಾಗ ಹಳೆಯ ರಿವಾಲ್ವರೊಂದರ ಬಗ್ಗೆ ‘೩೮’ ಎಂದು ಕಾಗದದಲ್ಲಿ ಇದ್ದರೆ ಅದು ಯಾವ ೩೮? ಒಂದು ಕೇಪಿನ ಕಾಲದ ಅರ್ಧ ಅಂಗುಲದ ಆಯುಧ, ಇನ್ನೊಂದು ಇಪ್ಪತ್ತನೆಯ ಶತಮಾನದ ಕಿರಿದಾದ ಸೇನಾ ಆಯುಧ. ಗುಮಾಸ್ತನ ಒಂದು ಅಂಕಿ ಎಂಬತ್ತು ವರ್ಷಗಳ ಅಂತರವನ್ನು ಮುಚ್ಚಿಬಿಡಬಲ್ಲದು.

ಅಂಗುಲದ ಲೆಕ್ಕವೇ ಆದರೂ ತೊಡಕು ತೀರುವುದಿಲ್ಲ. ತೋಟಾದ ಹೆಸರಿನಲ್ಲಿರುವ ಅಂಕಿ ಹೆಸರು ಮಾತ್ರ, ಅಳತೆಯಲ್ಲ. ೧೮೭೭ರ ೦.೩೮ ಸ್ಮಿತ್ ಅಂಡ್ ವೆಸನ್ ತೋಟಾದ ಗುಂಡು ೦.೩೬೧ ಅಂಗುಲ, ಕೋಶದ ಉದ್ದ ೦.೭೭೫ ಅಂಗುಲ. ಅದರ ಮರಿಯಂತೆ ಕಾಣುವ ೦.೩೮ ಸ್ಪೆಷಲ್ ತೋಟಾದ ಗುಂಡು ೦.೩೫೭, ಕೋಶ ೧.೧೫೫ ಅಂಗುಲ. ಮೊದಲನೆಯದು ಗಿಡ್ಡ ಮತ್ತು ದಪ್ಪ, ಎರಡನೆಯದು ಉದ್ದ ಮತ್ತು ಸಣ್ಣ. ಬ್ರಿಟಿಷ್ ಸೇನೆಯ ೦.೩೮ರ ವೆಬ್ಲಿ, ಎನ್ಫೀಲ್ಡುಗಳಿಗೆ ಹೊಂದುವುದು ಗಿಡ್ಡನೆಯದು. ‘೩೨ ಬೋರ್’ ಕೂಡ ಹೀಗೆಯೇ. ಕಾನ್ಪುರದ ಸರಕಾರಿ ಕಾರ್ಖಾನೆಯ ೩೨ರ ರಿವಾಲ್ವರಿಗೆ ಬೇಕಾದದ್ದು ೦.೩೨ ಸ್ಮಿತ್ ಅಂಡ್ ವೆಸನ್ ಲಾಂಗ್. ೩೨ರ ಪಿಸ್ತೂಲಿಗೆ ಬೇಕಾದದ್ದು ೭.೬೫ ಮಿಲಿಮೀಟರಿನ ಬ್ರೌನಿಂಗ್. ಪರವಾನಗಿಯಲ್ಲಿ ಎರಡೂ ‘೩೨ ಬೋರ್’. ಪಿಸ್ತೂಲಿನ ತೋಟಾ ಕೆಲವು ಹಳೆಯ ರಿವಾಲ್ವರುಗಳ ಕೋಣೆಯೊಳಗೆ ಸಲೀಸಾಗಿ ಇಳಿಯುತ್ತದೆ, ಅದರ ಒತ್ತಡವನ್ನು ಮಾತ್ರ ಆ ಸಿಲಿಂಡರು ತಾಳಲಾರದು.

ಅಂಕಿಗಳ ಈ ಗೊಂದಲಕ್ಕೆ ಸರಕಾರದ ಕೊಡುಗೆಯೂ ಇದೆ. ೧೯೦೭ರ ಸುಮಾರಿಗೆ ಭಾರತ ಮತ್ತು ಸೂಡಾನುಗಳಲ್ಲಿ ೦.೪೫೦ ಅಳತೆಯ ರೈಫಲು ತೋಟಾಗಳನ್ನು ಬ್ರಿಟಿಷ್ ಸರಕಾರ ನಿಷೇಧಿಸಿತು. ಹಳೆಯ ಸೇನಾ ಬಂದೂಕುಗಳಿಗೆ ಅವು ಬಂಡುಕೋರರ ಕೈಸೇರಬಹುದೆಂಬ ಭಯ ಅದಕ್ಕೆ ಕಾರಣ. ಲಂಡನ್ನಿನ ಬಂದೂಕು ಕಂಪನಿಗಳು ಕೂಡಲೇ ೦.೪೬೫, ೦.೪೭೦ರ ಹೊಸ ತೋಟಾಗಳನ್ನು ಹುಟ್ಟಿಸಿ ರಾಜಮಹಾರಾಜರ ಬೇಟೆಯನ್ನು ಮುಂದುವರಿಸಿದರು. ಕಾಯಿದೆಯೊಂದು ತೋಟಾಗಳ ಹೊಸ ಸಂತತಿಯನ್ನೇ ಹುಟ್ಟಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಇಂದಿಗೂ ೦.೪೫೫, ೦.೩೮ರಂಥ ಸೇನಾ ಅಳತೆಗಳು ಖಾಸಗಿಯವರಿಗೆ ನಿಷೇಧಿತ ಬೋರಿನವು, ಅವುಗಳ ಪರವಾನಗಿ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಅಜ್ಜನ ರಿವಾಲ್ವರು ೦.೪೫೦ರದೋ ೦.೪೫೫ರದೋ ಎಂಬುದು ಆದ್ದರಿಂದ ಕುತೂಹಲದ ಪ್ರಶ್ನೆ ಮಾತ್ರವಲ್ಲ.

ಗುರುತಿಸುವ ಕ್ರಮ

ಜಕ್ಕಲಿಯಂಥ ಊರಿನ ವಾಡೆಯೊಂದರಲ್ಲಿ ಹಿರಿಯರಿಂದ ಬಂದ ರಿವಾಲ್ವರ್ ಇದೆಯೆಂದು ಭಾವಿಸೋಣ. ತೋಟಾ ಒಂದೂ ಉ಼ಳಿದಿಲ್ಲ. ಪರವಾನಗಿಯಲ್ಲಿ ‘ವಿಲಾಯತಿ ರಿವಾಲ್ವರ್’ ಎಂದಷ್ಟೇ ಇದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಪೇಟೆಯಲ್ಲಿ ಸಿಗುವ ತೋಟಾಗಳನ್ನು ಒಂದೊಂದಾಗಿ ಇಳಿಸಿ ನೋಡಿ, ಯಾವುದು ಬೀಳದೆ ನಿಲ್ಲುತ್ತದೆಯೋ ಅದೇ ಸರಿಯೆಂದು ತೀರ್ಮಾನಿಸುವುದು. ಇದಕ್ಕಿಂತ ಅಪಾಯಕಾರಿಯಾದ ಪರೀಕ್ಷೆ ಇಲ್ಲ. ಕೋಣೆಯೊಳಗೆ ತೋಟಾ ಇಳಿಯುವುದು ಹೊಂದಾಣಿಕೆಯ ಪ್ರಮಾಣವಲ್ಲ. ೦.೪೫೫ರ ಕೋಣೆಯಲ್ಲಿ ಹಳೆಯ ೦.೪೫೦ರ ತೋಟಾವೂ ಕೂರುತ್ತದೆ.

ಆಯುಧವನ್ನು ಪರವಾನಗಿ ಪಡೆದ ದುರಸ್ತಿಗಾರನ ಅಥವಾ ಪೊಲೀಸ್ ಆಯುಧಾಗಾರದ ತಜ್ಞನ ಮುಂದಿಟ್ಟು ಕೋಣೆಗಳೆಲ್ಲ ಖಾಲಿಯಿವೆಯೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಕೇಪಿನ ಆಯುಧದಲ್ಲಿ ನೂರು ವರ್ಷಗಳ ಹಿಂದೆ ಗಿಡಿದ ಮದ್ದು ಹಾಗೆಯೇ ಉಳಿದಿರುವುದುಂಟು. ಆಮೇಲೆ ಶುಚಿ. ನಮ್ಮ ಸೀಮೆಯಲ್ಲಿ ಮಹಾನವಮಿಯ ಖಂಡೆಪೂಜೆಯಲ್ಲಿ ಹತಾರಗಳಿಗೆಲ್ಲ ಎಣ್ಣೆ, ಅರಿಷಿಣ, ಕುಂಕುಮ ಸಲ್ಲುತ್ತವೆ. ವರ್ಷವರ್ಷದ ಪೂಜೆಯ ಈ ಲೇಪ ಕೋಣೆಯ ಬಾಯಲ್ಲಿ ಗಟ್ಟಿಯಾದರೆ ಅಳತೆ ಕಿರಿದಾಗಿ ಬರುತ್ತದೆ. ಅದನ್ನು ತೆಗೆಯುವ ಮೊದಲು ಚಿತ್ರ ತೆಗೆದು ದಾಖಲಿಸಬೇಕು, ಏಕೆಂದರೆ ಜಾನಪದ ಅಧ್ಯಯನಕ್ಕೆ ಆ ಲೇಪವೂ ಒಂದು ಆಕರ.

ತೋಟಾವನ್ನು ನಿರ್ಧರಿಸುವುದು ನಳಿಗೆಯ ಬಾಯಿಯ ಅಳತೆಯೊಂದೇ ಅಲ್ಲ. ಕೋಣೆಯ ಹಿಂಬದಿಯ ವ್ಯಾಸ, ಮುಂಬದಿಯ ವ್ಯಾಸ, ಕೋಶದ ತುದಿ ತಾಗುವ ಒಳಮೆಟ್ಟಿಲವರೆಗಿನ ಉದ್ದ, ತೋಟಾದ ಅಂಚು ಕೂರುವ ಜಾಗದ ದಪ್ಪ, ಇವಿಷ್ಟೂ ಬೇಕು. ಹಳೆಯ ಬಂದೂಕುಗಾರರು ಕರಗಿಸಿದ ಗಂಧಕವನ್ನು ಕೋಣೆಗೆ ಎರೆದು ಅಚ್ಚು ತೆಗೆದು ಇವನ್ನು ಅಳೆಯುತ್ತಿದ್ದರು. ಈಗ ಅದಕ್ಕೆಂದೇ ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹವಿದೆ. ಅಚ್ಚಿನ ಅಳತೆಯನ್ನು ತೋಟಾಗಳ ಪ್ರಕಟಿತ ಅಳತೆಪಟ್ಟಿಯೊಂದಿಗೆ ಹೋಲಿಸಿದರೆ ಸಾಧ್ಯತೆಗಳು ಎರಡು ಮೂರಕ್ಕೆ ಇಳಿಯುತ್ತವೆ.

ಉಳಿದದ್ದನ್ನು ಗುರುತುಗಳು ಹೇಳುತ್ತವೆ. ಬ್ರಿಟಿಷ್ ಆಯುಧಗಳ ಮೇಲೆ ಲಂಡನ್ ಅಥವಾ ೧೮೧೩ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದ ಕಿರೀಟದ ಮುದ್ರೆಗಳಿರುತ್ತವೆ. ಅವು ನಳಿಗೆಯ ಮೇಲಷ್ಟೇ ಅಲ್ಲ, ಸಿಲಿಂಡರಿನ ಕೋಣೆಗೊಂದರಂತೆಯೂ ಇರುವುದುಂಟು. ಇಪ್ಪತ್ತನೆಯ ಶತಮಾನದ ಆರಂಭದ ನಿಯಮಗಳ ನಂತರ ‘ನೈಟ್ರೋ ಪ್ರೂಫ್’ ಎಂಬ ಗುರುತು ಕಾಣಿಸತೊಡಗುತ್ತದೆ. ಆಯುಧವನ್ನು ಹೊಗೆರಹಿತ ಮದ್ದಿನಿಂದ ಪರೀಕ್ಷಿಸಲಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಈ ಗುರುತಿಲ್ಲದ ಕರಿಮದ್ದಿನ ಕಾಲದ ಆಯುಧಕ್ಕೆ ಅಳತೆಯಲ್ಲಿ ಪೂರ್ಣವಾಗಿ ಹೊಂದುವ ಹೊಸ ತೋಟಾವನ್ನು ತುಂಬಿದರೂ ಅದು ಸಿಡಿಯಬಹುದು. ಸರಿಯಾದ ತೋಟಾ ಎಂಬ ಮಾತಿನಲ್ಲಿ ಅಳತೆಯಷ್ಟೇ ಮದ್ದೂ ಸೇರಿದೆ. ಬ್ರಿಟಿಷ್ ಸೇನೆ ತನ್ನ ೦.೪೫೫ ತೋಟಾದಲ್ಲಿ ಕರಿಮದ್ದನ್ನು ಬಿಟ್ಟು ಕಾರ್ಡೈಟಿಗೆ ಬಂದದ್ದು ೧೮೯೦ರ ದಶಕದಲ್ಲಿ, ಅದಕ್ಕಾಗಿ ಕೋಶವನ್ನೂ ಮೊಟಕುಗೊಳಿಸಿತು.

ಮನೆಯ ಪೆಟ್ಟಿಗೆಯ ಮೂಲೆಯಲ್ಲಿ ಹಾರಿಸಿದ ಖಾಲಿ ಕೋಶವೊಂದು ಸಿಕ್ಕರೆ ಅದು ಇಡೀ ಕಡತಕ್ಕಿಂತ ಬೆಲೆಯುಳ್ಳದ್ದು. ಅದರ ತಳದ ಮೇಲೆ ತಯಾರಕರ ಅಕ್ಷರ, ಕೆಲವೊಮ್ಮೆ ವರ್ಷವೂ ಇರುತ್ತದೆ. ‘ಕೆ ಎಫ್’ ಎಂದಿದ್ದರೆ ಪುಣೆಯ ಬಳಿಯ ಖಡಕಿಯ ಕಾರ್ಖಾನೆಯದು. ಬೆಂಡೋಲೆಯ ಡಬ್ಬಿಯಲ್ಲಿ ಬಿದ್ದಿರುವ ಇಂಥ ಹಿತ್ತಾಳೆಯ ತುಂಡನ್ನು ಗುಜರಿಗೆ ಹಾಕುವುದನ್ನು ತಪ್ಪಿಸಿದರೆ ಸಂಗ್ರಹಕಾರನ ಅರ್ಧ ಶ್ರಮ ಸಾರ್ಥಕ. ವಾಯವ್ಯ ಗಡಿನಾಡಿನಲ್ಲಿಯೂ ಇತರೆಡೆಯೂ ವಿಲಾಯತಿ ಹೆಸರು, ಮುದ್ರೆಗಳನ್ನು ಕೆತ್ತಿ ಮಾಡಿದ ನಕಲುಗಳೂ ಪೇಟೆಗೆ ಬಂದಿದ್ದವು. ತಪ್ಪಾದ ಕಾಗುಣಿತ, ಓರೆಯಾದ ಅಕ್ಷರ ಅವುಗಳ ಲಕ್ಷಣ. ಅಂಥವಕ್ಕೆ ಸರಿಯಾದ ತೋಟಾ ಎಂಬುದೇ ಇಲ್ಲವೆಂದು ತಿಳಿದು ಹಾರಿಸುವ ಮಾತನ್ನು ಬಿಡುವುದು ಕ್ಷೇಮ.

ಕಥೆ ಮತ್ತು ಸಿಲಿಂಡರು

ಪರೀಕ್ಷೆಯ ನಂತರ ರಿವಾಲ್ವರು ೧೯೧೫ರ ವೆಬ್ಲಿಯೆಂದು ಗೊತ್ತಾಯಿತು, ಮನೆಯ ಕಥೆ ೧೮೫೮ರದು. ಇತಿಹಾಸಕಾರನು ಇಲ್ಲಿ ಕಥೆ ಸುಳ್ಳೆಂದು ಬರೆದು ಮುಂದಕ್ಕೆ ಹೋಗಬಹುದು. ಜಾನಪದ ವಿದ್ಯಾರ್ಥಿಯ ಕೆಲಸ ಅಲ್ಲಿಂದ ಶುರುವಾಗುತ್ತದೆ. ಬಂಡಾಯದ ಮೇಲೆ ಬಂದ ಶೋಧಗಳಲ್ಲಿ ಮನೆತನದ ಹಳೆಯ ಹತಾರ ಸರಕಾರದ ಪಾಲಾಗಿ, ೧೮೭೮ರ ಆಯುಧ ಕಾಯಿದೆಯ ನಂತರ ಪರವಾನಗಿಯ ಮೇಲೆ ಬಂದ ಹೊಸ ಆಯುಧ ಹಳೆಯದರ ಗೂಟವನ್ನೂ, ಪೂಜೆಯನ್ನೂ, ಅದರೊಡನೆ ಕಥೆಯನ್ನೂ ಪಡೆದುಕೊಂಡಿರಬಹುದು. ಊರ ತೇರಿನ ಗಾಲಿ, ಅಚ್ಚು, ಕೆತ್ತನೆ ಎಷ್ಟು ಸಲ ಬದಲಾದರೂ ಭಕ್ತರಿಗೆ ತೇರು ಅದೇ ಅಲ್ಲವೆ? ಇಲ್ಲಿ ತೋಟಾದ ಅಳತೆ ಕಥೆಯನ್ನು ಅಳಿಸುವುದಿಲ್ಲ. ಕಥೆ ಯಾವ ವರ್ಷದ ನಂತರ ಈ ವಸ್ತುವಿಗೆ ಅಂಟಿಕೊಂಡಿತೆಂಬುದಕ್ಕೆ ಒಂದು ಗಡಿಯನ್ನು ಹಾಕಿಕೊಡುತ್ತದೆ. ಮೌಖಿಕ ಪರಂಪರೆಯ ಕಾಲನಿರ್ಣಯದಲ್ಲಿ ಇಷ್ಟು ನಿಖರವಾದ ಗಡಿ ದೊರೆಯುವುದು ಅಪರೂಪ.

ಇನ್ನೊಂದು ಮಾತೂ ಇದೆ. ಸುರೇಬಾನದಲ್ಲಿ ಏಜೆಂಟನ ಕೈಯಲ್ಲಿದ್ದ ರಿವಾಲ್ವರು ಜನರ ಕಲ್ಪನೆಯಲ್ಲಿ ಬಂಡಾಯಗಾರರ ಕೈಗೆ ಬಂದಿರುವುದು ಸಾಧ್ಯ. ವೈರಿಯ ಆಯುಧವನ್ನು ತಮ್ಮದಾಗಿಸಿಕೊಳ್ಳುವುದು ವೀರಕಥೆಗಳ ಹಳೆಯ ಆಶಯ. ಕತ್ತಿ, ಬಂದೂಕುಗಳನ್ನು ಬಿಟ್ಟು ರಿವಾಲ್ವರನ್ನೇ ಬಾಬಾಸಾಹೇಬನ ಹೆಸರಿಗೆ ಸೇರಿಸುವ ಹೇಳಿಕೆ ಕೇಳಿಬಂದಾಗ ಈ ಆಶಯವನ್ನು ನೆನೆಯುವುದು ಒಳಿತು.

ಕೊಡಗಿನೊಂದಿಗಿನ ಹೋಲಿಕೆ ಇಲ್ಲಿ ಬೆಳಕು ಚೆಲ್ಲುತ್ತದೆ. ನಮ್ಮ ಸೀಮೆಯ ಹತಾರಗಳನ್ನು ಕಸಿದುಕೊಂಡ ಸರಕಾರವೇ ೧೮೬೧ರಲ್ಲಿ ಮಾರ್ಕ್ ಕಬ್ಬನ್ನನ ಆದೇಶದ ಮೂಲಕ ಕೊಡವರಿಗೆ ನಿರಾಯುಧೀಕರಣದಿಂದ ವಿನಾಯಿತಿ ನೀಡಿತು. ಆ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, ೨೦೧೯ರಲ್ಲಿ ಕೇಂದ್ರ ಸರಕಾರ ಅದನ್ನು ೨೦೨೯ರವರೆಗೆ ವಿಸ್ತರಿಸಿದೆ. ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೧ರಲ್ಲಿ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದಿನಲ್ಲಿ ಅಲ್ಲಿ ಕೋವಿಯ ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಅಲ್ಲಿ ಆಯುಧವೂ ಆಚರಣೆಯೂ ಒಟ್ಟಿಗೆ ಉಳಿದ ಕಾರಣ ತೋಟಾದ ತಿಳಿವಳಿಕೆ ಮನೆಯಲ್ಲಿಯೇ ಕೈಯಿಂದ ಕೈಗೆ ಬಂದಿದೆ. ರೋಣ–ನರಗುಂದ ಸೀಮೆಯಲ್ಲಿ ಆಯುಧ ಹೋಗಿ ಕಥೆ ಉಳಿಯಿತು. ಆಮೇಲೆ ಬಂದ ಆಯುಧಗಳು ಹಾರಿಸಲಿಕ್ಕಲ್ಲ, ಇಟ್ಟು ಪೂಜಿಸಲಿಕ್ಕೆ ಬಂದವು. ತೋಟಾದ ಅರಿವು ಇಲ್ಲಿ ಮರೆಗೆ ಸಂದದ್ದು ಸಹಜ.

ಈಗಿನ ಪರಿಸ್ಥಿತಿಯಲ್ಲಿ ಈ ವಸ್ತುಗಳು ವೇಗವಾಗಿ ಕಣ್ಮರೆಯಾಗುತ್ತಿವೆ. ೧೯೫೯ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿದಾರನು ತೀರಿಕೊಂಡರೆ ವಾರಸುದಾರರು ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಅವಧಿಯೊಳಗೆ ತಮ್ಮ ಹೆಸರಿಗೆ ಪರವಾನಗಿ ಪಡೆಯದಿದ್ದರೆ ಅದು ಸರಕಾರದ ಪಾಲು. ೨೦೧೯ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದೆ, ಪಿತ್ರಾರ್ಜಿತವೆಂಬ ಕಾರಣಕ್ಕೆ ಅದರಿಂದ ಬಿಡುಗಡೆಯಿಲ್ಲ. ಕಾಯಿದೆಯ ೪೫ನೆಯ ಕಲಮು ಹಳೆಯ ಮಾದರಿಯ, ಪ್ರಾಚ್ಯಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ದುರಸ್ತಿ ಮಾಡಿದರೂ ಹಾರಿಸಲು ಬಾರದಂತಿರಬೇಕೆಂಬ ಷರತ್ತು ಅದಕ್ಕಿದೆ. ಕೇಪಿನ ರಿವಾಲ್ವರನ್ನು ತೋಟಾ ರಿವಾಲ್ವರೆಂದು ತಪ್ಪಾಗಿ ಬರೆದ ಒಂದು ಪರವಾನಗಿ, ೧೮೫೦ರ ದಶಕದ ನಿಜವಾದ ಸಾಕ್ಷಿಯೊಂದನ್ನು ಗುಜರಿ ಕಬ್ಬಿಣದ ರಾಶಿಗೆ ಸೇರಿಸಬಲ್ಲದು. ಅದೇ ರೀತಿ ಇಪ್ಪತ್ತನೆಯ ಶತಮಾನದ ವೆಬ್ಲಿಯೊಂದು ಬಂಡಾಯದ ಆಯುಧವೆಂಬ ಚೀಟಿ ಹೊತ್ತು ಗಾಜಿನ ಪೆಟ್ಟಿಗೆಯೊಳಗೆ ಕೂರಬಲ್ಲದು.

ಆದ್ದರಿಂದ ಈ ಸೀಮೆಯ ಆಯುಧಗಳ ಸಮೀಕ್ಷೆಗೆ ತೊಡಗುವವರು ಒಂದು ಕ್ರಮವನ್ನು ಪಾಲಿಸುವುದು ಸೂಕ್ತ. ಮೊದಲು ಮನೆಯವರು ಹೇಳುವ ಕಥೆಯನ್ನು ಅವರದೇ ಮಾತಿನಲ್ಲಿ, ಹೇಳಿದವರ ವಯಸ್ಸು ಮತ್ತು ಅವರು ಯಾರಿಂದ ಕೇಳಿದರೆಂಬುದರೊಡನೆ ಬರೆದುಕೊಳ್ಳಬೇಕು. ಅಳತೆಯ ಫಲ ತಿಳಿದ ಮೇಲೆ ಅದೇ ಕಥೆ ಅದೇ ಬಾಯಲ್ಲಿ ಬೇರೆಯಾಗುತ್ತದೆ. ಆಮೇಲೆ ಪರವಾನಗಿಯ ಹಳೆಯ ಪುಸ್ತಕ, ಖಾಲಿ ಕೋಶ, ತೋಟಾದ ಡಬ್ಬಿ, ತೊಗಲಿನ ಚೀಲ ಇದ್ದರೆ ಅವು. ಸಿಲಿಂಡರಿನ ಹಿಂಭಾಗದಲ್ಲಿ ಮೊಳೆಯಿದೆಯೇ, ಕಚ್ಚು ಇದೆಯೇ, ಆರಪಾರ ರಂಧ್ರವಿದೆಯೇ ಎಂಬುದನ್ನು ಚಿತ್ರಸಹಿತ ನಮೂದಿಸಬೇಕು. ಕೊನೆಗೆ ತಜ್ಞನು ತೆಗೆದ ಅಚ್ಚಿನ ಅಳತೆಗಳು, ಅಂಗುಲದಲ್ಲಿಯೋ ಉಂಡೆಯ ಲೆಕ್ಕದಲ್ಲಿಯೋ ಎಂಬುದರ ಸ್ಪಷ್ಟ ಉಲ್ಲೇಖದೊಂದಿಗೆ. ದಾಖಲೆಯ ಒಂದು ಪ್ರತಿ ಪತ್ರಾಗಾರಕ್ಕೆ, ಒಂದು ಪ್ರತಿ ಆ ಮನೆಯ ಸನದಿನ ಪೆಟ್ಟಿಗೆಗೆ.